ಬಾಲವಾಚನದಲ್ಲಿ ಗಣಕ್ರಮ: ಒಂದು ವಿಮರ್ಶೆ

೧

ಎಳೆಯ ಮಕ್ಕಳನ್ನು ನಾಲ್ಕರಿಂದ ಆರು ಮಂದಿಯ ಚಿಕ್ಕ ಗಣಗಳಾಗಿ ವಿಂಗಡಿಸಿ, ಒಂದೊಂದು ಗಣಕ್ಕೂ ಅದರ ಶಕ್ತಿಗೆ ತಕ್ಕ ಪುಸ್ತಕವನ್ನು ಕೊಟ್ಟು, ಉಪಾಧ್ಯಾಯನು ಬಳಿಯಲ್ಲಿ ಕುಳಿತು ಓದಿಸುವ ಕ್ರಮವೊಂದು ಕಳೆದ ಶತಮಾನದ ಉತ್ತರಾರ್ಧದಲ್ಲಿ ನ್ಯೂಜಿಲೆಂಡಿನಲ್ಲಿ ಬಲಿತು, ಅಲ್ಲಿಂದ ಇಂಗ್ಲೆಂಡು ಅಮೆರಿಕಾ ದೇಶಗಳಿಗೆ ಹಬ್ಬಿತು. ಇದನ್ನು ಈ ಲೇಖನದಲ್ಲಿ ‘ಗಣವಾಚನ’ವೆಂದು ಕರೆಯುತ್ತೇನೆ. ನಮ್ಮ ನಾಡಿನಲ್ಲಿಯೂ ಮಕ್ಕಳನ್ನು ಗಣಗಳಾಗಿ ಕೂರಿಸಿ ಅಕ್ಷರಾಭ್ಯಾಸ ಮಾಡಿಸುವ ಪ್ರಯತ್ನಗಳು ನಡೆದಿವೆ. ಇವನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಗಣಕ್ರಮವು ಪರಿಪೂರ್ಣವಾದುದು, ಹಳೆಯ ಅಕ್ಷರಪಾಠವು ಕೇವಲ ಗಿಳಿಯೋದು ಎಂಬುದು ಒಂದು. ಇದೆಲ್ಲವೂ ನಮ್ಮ ಕೂಲಿಮಠಗಳಲ್ಲಿಯೇ ಇದ್ದಿತು, ಹೊರಗಿನವರಿಂದ ಕಲಿಯತಕ್ಕದ್ದೇನೂ ಇಲ್ಲ ಎಂಬುದು ಇನ್ನೊಂದು. ಎರಡೂ ಅರ್ಧಸತ್ಯಗಳೆಂದು ನನ್ನ ಅಭಿಪ್ರಾಯ.

ವಿಚಾರಿಸಬೇಕಾದುದು ಇಷ್ಟು: ಗಣವಾಚನದಲ್ಲಿ ಮಗುವಿಗೆ ಓದನ್ನು ಕಲಿಸುವ ಅಂಶ ಯಾವುದು? ಸಂಖ್ಯೆಯ ಅಲ್ಪತೆಯೋ, ಪುಸ್ತಕದ ತಾರತಮ್ಯವೋ, ಅಥವಾ ಬೇರೊಂದೋ? ಇದು ಬರಿಯ ಪಂಡಿತರ ಚರ್ಚೆಯಲ್ಲ. ಮೂರು ವರ್ಷ ಶಾಲೆಯಲ್ಲಿ ಕುಳಿತು, ಎಲ್ಲರೊಡನೆ ಬಾಯಾಡಿಸಿ, ಕಡೆಗೆ ಒಂದು ವಾಕ್ಯವನ್ನೂ ತಾನಾಗಿ ಓದಲಾರದೆ ಮೇಲಿನ ತರಗತಿಗೆ ಸಾಗುವ ಮಗುವನ್ನು ಕಾಣದ ಉಪಾಧ್ಯಾಯರು ವಿರಳ. ಆ ಮಗುವಿಗೆ ಅನಂತರ ಗಣಿತವೂ ಇಲ್ಲ, ಚರಿತ್ರೆಯೂ ಇಲ್ಲ. ಎಲ್ಲ ಶಾಸ್ತ್ರಗಳ ಬಾಗಿಲೂ ಒಮ್ಮೆಗೇ ಮುಚ್ಚಿದಂತಾಗುತ್ತದೆ.

೨

ಮೊದಲು ಈ ಕ್ರಮದ ಸ್ವರೂಪವನ್ನು ನೋಡೋಣ. ಇದಕ್ಕೆ ತಳಹದಿಯನ್ನು ಹಾಕಿದವರಲ್ಲಿ ನ್ಯೂಜಿಲೆಂಡಿನ ವಿದುಷಿ ಮೇರಿ ಕ್ಲೇ ಮುಖ್ಯರು. ಅಮೆರಿಕಾದಲ್ಲಿ ಐರೀನ್ ಫೌಂಟಾಸ್ ಮತ್ತು ಗೇ ಸೂ ಪಿನ್ನೆಲ್ ಎಂಬಿಬ್ಬರು ೧೯೯೬ರಲ್ಲಿ ಪ್ರಕಟಿಸಿದ ಗ್ರಂಥವು ಇದನ್ನು ಶಾಲೆಶಾಲೆಗೂ ಒಯ್ದಿತು. ಇಂಗ್ಲೆಂಡಿನಲ್ಲಿ ೧೯೯೮ರ ರಾಷ್ಟ್ರೀಯ ಸಾಕ್ಷರತಾ ಯೋಜನೆಯು ದಿನಕ್ಕೊಂದು ಗಂಟೆಯನ್ನು ಓದುಬರೆಹಕ್ಕೆ ಮೀಸಲಿಟ್ಟು, ಅದರಲ್ಲಿ ಇಪ್ಪತ್ತು ನಿಮಿಷಗಳನ್ನು ಗಣಪಾಠಕ್ಕೂ ಸ್ವಂತ ಅಭ್ಯಾಸಕ್ಕೂ ಗೊತ್ತುಮಾಡಿತು.

ಕ್ರಮವು ಹೀಗಿದೆ. ಉಪಾಧ್ಯಾಯನು ಪುಸ್ತಕದ ವಿಷಯವನ್ನು ಮೊದಲು ಸಂಕ್ಷೇಪವಾಗಿ ಪರಿಚಯಮಾಡಿಸುತ್ತಾನೆ. ಬಳಿಕ ಪ್ರತಿಯೊಂದು ಮಗುವೂ ಇಡಿಯ ಪಾಠವನ್ನು ಮೆಲುದನಿಯಲ್ಲಿ ತನ್ನಷ್ಟಕ್ಕೆ ಓದಿಕೊಳ್ಳುತ್ತದೆ. ಒಬ್ಬನು ಒಂದು ಸಾಲನ್ನೋದಿ ಉಳಿದವರು ಸುಮ್ಮನೆ ಕೇಳುವ ಸರದಿಯೋದು ಇಲ್ಲಿಲ್ಲ. ಉಪಾಧ್ಯಾಯನು ಒಬ್ಬೊಬ್ಬರ ಪಕ್ಕಕ್ಕೂ ಕಿವಿಗೊಟ್ಟು, ಎಡವಿದಲ್ಲಿ ಎತ್ತುತ್ತಾನೆ; ಕೊನೆಗೆ ಅರ್ಥವನ್ನು ಕುರಿತು ಮಾತನಾಡಿಸುತ್ತಾನೆ. ಗಣಗಳು ಶಾಶ್ವತವಲ್ಲ, ಮಗುವು ಮುಂದುವರಿದಂತೆ ಗಣವೂ ಬದಲಾಗತಕ್ಕದ್ದು. ಮಗು ಓದುವಾಗ ಪದಪದಕ್ಕೂ ಗುರುತು ಹಾಕಿಕೊಂಡು, ನೂರು ಪದಗಳಲ್ಲಿ ತೊಂಬತ್ತೈದಕ್ಕೆ ಕಡಿಮೆಯಿಲ್ಲದೆ ಸರಿಯಾದರೆ ಪಾಠವು ಸುಲಭವೆಂದೂ, ತೊಂಬತ್ತರಿಂದ ತೊಂಬತ್ತನಾಲ್ಕಾದರೆ ಕಲಿಸಲು ಯೋಗ್ಯವೆಂದೂ, ತೊಂಬತ್ತಕ್ಕಿಂತ ಕೆಳಗಾದರೆ ಕಠಿನವೆಂದೂ ನಿರ್ಣಯಿಸುವ ಪರಿಪಾಟಿಯೂ ಕ್ಲೇ ಅವರದೇ. ಇಷ್ಟರಮಟ್ಟಿಗೆ ಇದು ಗುಣಗ್ರಾಹಿಗಳಾದ ಯಾರೂ ಮೆಚ್ಚತಕ್ಕ ವ್ಯವಸ್ಥೆ. ಮಗುವಿನ ತಪ್ಪನ್ನು ಶಿಕ್ಷೆಗೆ ಕಾರಣವೆಂದೆಣಿಸದೆ, ಬೋಧನೆಗೆ ಸಾಮಗ್ರಿಯೆಂದು ಬಗೆದುದು ಸಾಮಾನ್ಯವಾದ ವಿವೇಕವಲ್ಲ.

ದೋಷವಿರುವುದು ಬೇರೆ ಕಡೆಯಲ್ಲಿ. ಗಣದಲ್ಲಿ ಮಗು ಅರಿಯದ ಪದದ ಮುಂದೆ ನಿಂತಾಗ ಗುರುವು ಏನು ಹೇಳಬೇಕು? ‘ಚಿತ್ರವನ್ನು ನೋಡು, ಯಾವ ಪದ ಹೊಂದುತ್ತದೆ ಯೋಚಿಸು, ಮೊದಲ ಅಕ್ಷರವನ್ನು ಗಮನಿಸು’ ಎಂಬ ತೆರನಾದ ಉಪದೇಶವು ಈ ಕ್ರಮದೊಡನೆ ಬೆಳೆದುಬಂದಿತು. ಓದೆಂಬುದು ಮನಸ್ಸು ನಡೆಸುವ ಊಹೆಯ ಆಟವೆಂದು ೧೯೬೭ರಲ್ಲಿ ಅಮೆರಿಕಾದ ಕೆನೆತ್ ಗುಡ್‌ಮನ್ ಮಂಡಿಸಿದ ವಾದವೂ ಇದಕ್ಕೆ ಬೆಂಬಲವಾಯಿತು. ಆದರೆ ಪರೀಕ್ಷೆಗಳು ಈ ವಾದದ ಪರವಾಗಿ ನಿಲ್ಲಲಿಲ್ಲ. ಅಮೆರಿಕಾದ ರಾಷ್ಟ್ರೀಯ ವಾಚನ ಮಂಡಲಿಯು ೨೦೦೦ದಲ್ಲಿ, ಇಂಗ್ಲೆಂಡಿನ ರೋಸ್ ವರದಿಯು ೨೦೦೬ರಲ್ಲಿ, ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಕ್ರಮವಾಗಿ, ಬಿಡಿಸಿ ಕಲಿಸಬೇಕೆಂದು ನಿರ್ಣಯಿಸಿದುವು. ಗಣವಾಚನಕ್ಕೆ ತವರಾದ ನ್ಯೂಜಿಲೆಂಡಿನಲ್ಲಿಯೇ ೨೦೨೫ರಿಂದ ಅಂಥ ಕ್ರಮಬದ್ಧವಾದ ಅಕ್ಷರಧ್ವನಿಪಾಠವು ಸರ್ಕಾರದ ಶಾಲೆಗಳಿಗೆ ವಿಧಿಸಲ್ಪಟ್ಟಿತು. ನುರಿತ ಓದುಗನು ಪದವನ್ನು ಊಹಿಸುವುದಿಲ್ಲ, ಕಾಣುತ್ತಾನೆ. ಊಹೆಯನ್ನು ಆಶ್ರಯಿಸುವವನು ದುರ್ಬಲನಾದ ಓದುಗನೇ. ಆದಕಾರಣ ಊಹೆಯನ್ನು ಉಪಾಯವಾಗಿ ಬೋಧಿಸುವುದೆಂದರೆ, ಕುಂಟುವವನ ನಡಗೆಯನ್ನು ನೋಡಿ ನಡೆಯುವುದನ್ನು ಕಲಿಸಿದಂತಾಗುತ್ತದೆ.

೩

ಈ ದೋಷವು ಆಂಗ್ಲಭಾಷೆಯಲ್ಲಿ ಹೇಗಾದರೂ ಇರಲಿ, ಕನ್ನಡಕ್ಕೆ ತಂದರೆ ಇಮ್ಮಡಿಯಾಗುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ.

ಆಂಗ್ಲಭಾಷೆಯಲ್ಲಿ ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳು ಕೂಡಿ ‘ದೋ’, ‘ರಫ್’, ‘ಥ್ರೂ’ ಎಂಬ ಪದಗಳ ಕೊನೆಯಲ್ಲಿ ಮೂರು ಬೇರೆ ಧ್ವನಿಗಳನ್ನು ಕೊಡುತ್ತವೆ. ಅಲ್ಲಿ ಪದವನ್ನು ಸಂದರ್ಭದಿಂದ ಗುರುತಿಸಲು ಹೇಳುವುದಕ್ಕೆ ಒಂದು ನೆವವಾದರೂ ಉಂಟು. ಕನ್ನಡದಲ್ಲಿ ಆ ನೆವವೂ ಇಲ್ಲ. ಇಲ್ಲಿ ಬರೆದಂತೆ ಓದು, ಓದಿದಂತೆ ಬರೆಹ. ಮೇಲಾಗಿ ನಮ್ಮ ಪದಗಳು ಪ್ರತ್ಯಯಗಳಿಂದ ಬೆಳೆಯುತ್ತವೆ. ಮರದ ಚಿತ್ರವನ್ನು ನೋಡಿ ಮಗು ‘ಮರ’ ಎಂದು ಹೇಳಬಹುದು. ಆದರೆ ಪುಟದಲ್ಲಿರುವುದು ಮರವೋ, ಮರವನ್ನೋ, ಮರದಿಂದಲೋ, ಮರಕ್ಕೋ, ಮರದಲ್ಲೋ ಎಂಬುದನ್ನು ಯಾವ ಚಿತ್ರಕಾರನೂ ಬರೆದು ತೋರಿಸಲಾರನು. ವಿಭಕ್ತಿಗೆ ಚಿತ್ರವಿಲ್ಲ. ‘ಬರುವನು’ ಎಂಬುದಕ್ಕೂ ‘ಬಾರನು’ ಎಂಬುದಕ್ಕೂ ಇರುವ ಭೇದವು ಅಕ್ಷರದಲ್ಲಿದೆಯೇ ಹೊರತು ಬೇರೆಲ್ಲಿಯೂ ಇಲ್ಲ. ಹೀಗಿರಲು ಕನ್ನಡದ ಮಗುವಿಗೆ ಊಹೆಯನ್ನು ಕಲಿಸುವುದು, ವಾಕ್ಯದ ಪ್ರಾಣವಾದ ಕಾರಕಸಂಬಂಧವನ್ನೇ ಬಿಟ್ಟುಬಿಡೆಂದು ಕಲಿಸಿದಂತೆ.

ಹಾಗೆಂದು ಕನ್ನಡದ ಅಕ್ಷರವು ಸುಲಭವೆಂದು ತಿಳಿಯಬಾರದು. ವರ್ಣಮಾಲೆಯಲ್ಲಿ ಎಣಿಕೆಗೆ ೪೯ ಅಕ್ಷರಗಳು. ಆದರೆ ೩೪ ವ್ಯಂಜನಗಳು ೧೩ ಸ್ವರಗಳೊಡನೆ ಗುಣಿತವಾದರೆ ೪೪೨ ರೂಪಗಳಾಗುತ್ತವೆ. ಅವುಗಳ ಮೇಲೆ ಒತ್ತಕ್ಷರಗಳು ಬೇರೆ. ಪಕಾರ ಷಕಾರಗಳಿಗೂ, ಮಕಾರ ವಕಾರಗಳಿಗೂ, ಅಲ್ಪಪ್ರಾಣ ಮಹಾಪ್ರಾಣಗಳಾದ ದಕಾರ ಧಕಾರಗಳಿಗೂ ಇರುವ ರೂಪಭೇದವು ಅತ್ಯಲ್ಪ. ಇದಕ್ಕಿಂತಲೂ ಸೂಕ್ಷ್ಮವಾದ ತೊಡಕೊಂದಿದೆ. ‘ಮುಷ್ಟಿ’ ಎಂಬಲ್ಲಿ ಇಕಾರದ ಗುರುತು ಷಕಾರದ ಮೇಲೆ ಕುಳಿತಿದೆ. ಅದರ ಧ್ವನಿಯು ಹೊರಡುವುದು ಕೆಳಗಿನ ಟಕಾರವಾದ ಮೇಲೆ. ‘ಕರ್ಮ’ ಎಂಬಲ್ಲಿ ರೇಫವು ಉಚ್ಚಾರಣೆಯಲ್ಲಿ ಮಕಾರಕ್ಕೆ ಮುಂಚೆ, ಬರೆಹದಲ್ಲಿ ಮಕಾರದ ಅನಂತರ. ಕಣ್ಣು ಕಾಣುವ ಕ್ರಮವೊಂದು, ನಾಲಗೆ ನುಡಿಯುವ ಕ್ರಮವಿನ್ನೊಂದು. ಮಗು ಇಲ್ಲಿ ಎಡವಿದರೆ ಅದು ಅಜಾಗರೂಕತೆಯಲ್ಲ. ಲಿಪಿಯ ಈ ಧರ್ಮವನ್ನು ಯಾರೂ ಅದಕ್ಕೆ ಬಿಡಿಸಿ ಹೇಳಿಲ್ಲವೆಂದೇ ಅರ್ಥ.

ಕ್ಲೇ ಅವರ ಪದಗಣನೆಯೂ ಕನ್ನಡದಲ್ಲಿ ಇದ್ದಂತೆಯೇ ಸಲ್ಲುವುದಿಲ್ಲ. ‘ಮನೆಯಲ್ಲಿದ್ದವರೆಲ್ಲರೂ’ ಎಂಬುದು ಒಂದೇ ಪದವಾಗಿ ಬರೆಯಲ್ಪಡುತ್ತದೆ. ಅದರಲ್ಲಿ ಒಂಬತ್ತು ಅಕ್ಷರಗಳಿವೆ. ಒಂದು ಮಗು ಇದನ್ನು ‘ಮನೆಯಲಿದವರೆಲರೂ’ ಎಂದು ಓದುತ್ತದೆ ಎನ್ನೋಣ. ಇನ್ನೊಂದು ‘ಮನೆ’ ಎಂದಷ್ಟೇ ಗುರುತಿಸಿ, ಉಳಿದುದಕ್ಕೆ ಬಾಯಿಗೆ ಬಂದುದನ್ನು ಸೇರಿಸುತ್ತದೆ. ಪದವನ್ನೆಣಿಸಿದರೆ ಇಬ್ಬರದೂ ಒಂದೊಂದೇ ತಪ್ಪು. ವಾಸ್ತವವಾಗಿ ಮೊದಲನೆಯವನಿಗೆ ಒತ್ತಕ್ಷರವೊಂದನ್ನು ಬಿಟ್ಟು ಉಳಿದುದೆಲ್ಲವೂ ಬಂದಿದೆ. ಎರಡನೆಯವನಿಗೆ ಓದೇ ಬಂದಿಲ್ಲ. ಇವರಿಬ್ಬರನ್ನು ಒಂದೇ ಗಣದಲ್ಲಿ ಕೂರಿಸಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ. ಕನ್ನಡದಲ್ಲಿ ತಪ್ಪನ್ನು ಅಕ್ಷರಶಃ ಎಣಿಸಬೇಕು. ಎಣಿಸುವುದಷ್ಟೇ ಅಲ್ಲ, ಸ್ವರಚಿಹ್ನೆಯ ತಪ್ಪೋ, ಒತ್ತಿನ ತಪ್ಪೋ, ಪ್ರಾಣಭೇದದ ತಪ್ಪೋ ಎಂದು ವಿಂಗಡಿಸಬೇಕು.

೪

ಇನ್ನು ನಮ್ಮ ಪೂರ್ವಿಕರ ಕ್ರಮವನ್ನು ಪರಿಶೀಲಿಸೋಣ. ಋಕ್ಪ್ರಾತಿಶಾಖ್ಯದ ಹದಿನೈದನೆಯ ಪಟಲವು ಅಧ್ಯಯನದ ವಿಧಾನವನ್ನು ವಿವರಿಸುತ್ತದೆ. ಶಿಷ್ಯನು ಒಬ್ಬನಾದರೂ ಇಬ್ಬರಾದರೂ ಗುರುವಿನ ಬಲಗಡೆಯಲ್ಲಿ ಕುಳಿತುಕೊಳ್ಳಬೇಕು, ಹೆಚ್ಚು ಮಂದಿಯಾದರೆ ಸ್ಥಳವಿದ್ದಂತೆ ಎಂದು ಅಲ್ಲಿನ ನಿಯಮ. ಗುರುವು ಹೇಳಿದುದನ್ನು ಶಿಷ್ಯನು ಹೇಳಬೇಕು, ಗುರುವು ಅದನ್ನು ಕೇಳಬೇಕು. ಪಾಠಶಾಲೆಯಲ್ಲಿ ಬೆಳೆದ ನನ್ನಂಥವರು ‘ಪಾಠ ಒಪ್ಪಿಸುವುದು’ ಎಂದು ಕರೆಯುವ ಪದ್ಧತಿಯ ಬೇರು ಇದೇ. ಒಪ್ಪಿಸುವವನು ಒಬ್ಬನೇ ಆಗಿರುತ್ತಿದ್ದನು. ಗುಂಪಿನ ದನಿಯಲ್ಲಿ ಅಡಗಿಕೊಳ್ಳಲು ಅಲ್ಲಿ ಎಡೆಯಿರಲಿಲ್ಲ.

ಆದರೆ ಇದನ್ನೇ ಮುಂದಿಟ್ಟುಕೊಂಡು ‘ಗಣವಾಚನವು ನಮ್ಮದೇ’ ಎಂದು ಹೆಮ್ಮೆಪಡುವವರು ಒಂದನ್ನು ಮರೆಯುತ್ತಾರೆ. ವೇದಪಾಠವು ಓದಲ್ಲ, ಅದು ಕೇಳಿ ಹೇಳುವುದು. ಪಾಣಿನೀಯ ಶಿಕ್ಷೆಯು ಅಧಮಪಾಠಕರನ್ನು ಎಣಿಸುವಾಗ, ಬರೆದುದನ್ನು ನೋಡಿ ಓದುವವನನ್ನೂ ಅವರಲ್ಲಿ ಸೇರಿಸಿದೆ. ಇಂದಿನ ಶಾಲೆಯು ಮಗುವಿನಿಂದ ಅಪೇಕ್ಷಿಸುವುದಾದರೋ ಸಾಕ್ಷಾತ್ತಾಗಿ ಅದನ್ನೇ. ಆದುದರಿಂದ ವೇದಾಧ್ಯಯನದ ಕ್ರಮವನ್ನು ಲಿಪಿವಾಚನಕ್ಕೆ ಹಾಗೆಯೇ ಅಳವಡಿಸಲು ಬರುವುದಿಲ್ಲ. ಅದೇ ಶಿಕ್ಷೆಯು ಅರ್ಥವರಿಯದೆ ಓದುವವನನ್ನೂ ಅಧಮರಲ್ಲಿಯೇ ಎಣಿಸಿದೆ. ಉತ್ತಮಪಾಠಕನ ಗುಣಗಳಲ್ಲಿ ಅಕ್ಷರವ್ಯಕ್ತಿಯನ್ನೂ ಪದಚ್ಛೇದವನ್ನೂ ಹೇಳಿದೆ. ಈ ಮೂರು ಲಕ್ಷಣಗಳು ಮಾತ್ರ ಯಾವ ಕಾಲದ ಓದಿಗೂ ಸಲ್ಲುತ್ತವೆ.

ಲೌಕಿಕವಿದ್ಯೆಯ ಕೂಲಿಮಠಗಳ ಸ್ಥಿತಿಯನ್ನು ತಿಳಿಯಲು ನಮಗೆ ಒಳ್ಳೆಯ ಆಧಾರವೊಂದಿದೆ. ಮದ್ರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ೧೮೨೨ರಲ್ಲಿ ಶಾಲೆಗಳ ವಿಚಾರಣೆಯನ್ನು ನಡೆಸಲು ಆಜ್ಞಾಪಿಸಿದಾಗ, ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಬೆಲ್ಲನು ೧೮೨೩ರ ಆಗಸ್ಟಿನಲ್ಲಿ ವಿವರವಾದ ವರದಿಯನ್ನು ಬರೆದನು. ಆ ಜಿಲ್ಲೆಯಲ್ಲಿ ಆಗ ೫೩೩ ಶಾಲೆಗಳು, ೬,೬೪೧ ವಿದ್ಯಾರ್ಥಿಗಳು. ಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ಮಾಡಿ, ಕೆಳಗಿನವರನ್ನು ಭಾಗಶಃ ಹಿರಿಯ ಹುಡುಗರ ಕೈಗೊಪ್ಪಿಸಿ, ಮೇಲಿನವರನ್ನು ಗುರುವು ತಾನೇ ನೋಡಿಕೊಳ್ಳುತ್ತಿದ್ದನೆಂದೂ, ಮಗುವು ಅಕ್ಷರವನ್ನು ಮೊದಲು ಮರಳಿನ ಮೇಲೆ ಬೆರಳಿನಿಂದ ಬರೆದು ಕಲಿಯುತ್ತಿತ್ತೆಂದೂ, ಶಕ್ತಿಗೆ ತಕ್ಕಂತೆ ಒಂದು ವರ್ಗದಿಂದ ಇನ್ನೊಂದಕ್ಕೆ ಏರುತ್ತಿತ್ತೆಂದೂ ಅವನು ತಿಳಿಸುತ್ತಾನೆ. ಮಿತವ್ಯಯದ ಈ ಏರ್ಪಾಟು ಇಂಗ್ಲೆಂಡಿನಲ್ಲಿ ಅನುಕರಣಕ್ಕೆ ಪಾತ್ರವಾದುದು ಯೋಗ್ಯವೇ ಸರಿ ಎಂದು ಪ್ರಶಂಸಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ, ಮಕ್ಕಳು ಕಾವ್ಯಭಾಷೆಯ ಗ್ರಂಥಗಳನ್ನು ಅರ್ಥವರಿಯದೆ ಬಾಯಿಪಾಠ ಮಾಡುತ್ತಾರೆಂದೂ, ತಕ್ಕ ಗುರುಗಳ ಕೊರತೆಯಿದೆಯೆಂದೂ ದೋಷವನ್ನೂ ಎತ್ತಿ ಹೇಳುತ್ತಾನೆ. ಮೊದಲ ಮಾತನ್ನು ಉದ್ಧರಿಸಿ ಎರಡನೆಯದನ್ನು ಬಿಡುವುದು ನಮ್ಮಲ್ಲಿ ಕೆಲವರ ಅಭ್ಯಾಸ. ಪ್ರಮಾಣವನ್ನು ಸ್ವೀಕರಿಸಿದ ಮೇಲೆ ಇಡಿಯಾಗಿ ಸ್ವೀಕರಿಸಬೇಕು.

ಇಂಗ್ಲೆಂಡಿನ ಅನುಕರಣವೆಂದು ಅವನು ಹೇಳಿದುದು ಆಂಡ್ರೂ ಬೆಲ್ಲನ ‘ಮದ್ರಾಸು ಪದ್ಧತಿ’ಯನ್ನು. ಈ ಪಾದ್ರಿಯು ೧೭೮೯ರಿಂದ ಮದ್ರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದು, ದೇಶೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಗೂ ಅದನ್ನು ತಂದನು. ಹಿರಿಯ ಬಾಲಕರಿಂದ ಕಿರಿಯರಿಗೆ ಪಾಠ ಹೇಳಿಸಿದನು. ೧೭೯೭ರಲ್ಲಿ ಲಂಡನ್ನಿನಲ್ಲಿ ತನ್ನ ಪುಸ್ತಕವನ್ನು ಅಚ್ಚುಹಾಕಿಸಿದನು. ಆದರೆ ಅಲ್ಲಿ ಬೆಲ್ಲನ ಮತ್ತು ಜೋಸೆಫ್ ಲ್ಯಾಂಕಾಸ್ಟರನ ಅನುಯಾಯಿಗಳ ಕೈಯಲ್ಲಿ ಒಬ್ಬ ಗುರುವಿಗೆ ನೂರಾರು ಮಕ್ಕಳಾದರು. ಗಣವೇನೋ ಚಿಕ್ಕದಾಗಿಯೇ ಉಳಿಯಿತು. ಗುರುವು ಮಾತ್ರ ದೂರವಾದನು. ತಾನೇ ಅರ್ಧ ಕಲಿತ ಬಾಲಕನು ಕಲಿಯದ ಬಾಲಕನನ್ನು ಕೇಳತೊಡಗಿದನು. ಆ ಪದ್ಧತಿಯು ಮುಂದೆ ಬಿದ್ದುಹೋದುದಕ್ಕೆ ಇದೂ ಒಂದು ಕಾರಣ. ಚಿಕ್ಕ ಗಣವಿದ್ದರೆ ಸಾಕು, ಓದು ತಾನಾಗಿ ಬರುತ್ತದೆಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

೫

ಕರ್ಣಾಟಕದ ಇತ್ತೀಚಿನ ಪ್ರಯತ್ನಗಳಲ್ಲಿ ‘ನಲಿ-ಕಲಿ’ಯು ಪ್ರಸಿದ್ಧವಾದುದು. ಆಂಧ್ರದ ಋಷಿವ್ಯಾಲಿಯ ಗ್ರಾಮಶಾಲೆಗಳ ಮಾದರಿಯಿಂದ ಪ್ರೇರಿತವಾಗಿ, ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದು ಆರಂಭವಾಯಿತು. ೨೦೦೯-೧೦ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಿಸಲ್ಪಟ್ಟಿತು. ಇದರಲ್ಲಿ ಮಕ್ಕಳಿಗೆ ಐದು ಗಣಗಳು: ಮೊದಲನೆಯದಕ್ಕೆ ಶಿಕ್ಷಕರ ಪೂರ್ಣ ಸಹಾಯ, ಎರಡನೆಯದಕ್ಕೆ ಅವರ ಭಾಗಶಃ ಸಹಾಯ, ಮೂರನೆಯದಕ್ಕೆ ಸಹಪಾಠಿಗಳ ಪೂರ್ಣ ಸಹಾಯ, ನಾಲ್ಕನೆಯದಕ್ಕೆ ಅವರ ಭಾಗಶಃ ಸಹಾಯ, ಐದನೆಯದರಲ್ಲಿ ಸ್ವಕಲಿಕೆ. ಮಗುವು ಕಲಿಕೆಯ ಏಣಿಯ ಮೆಟ್ಟಿಲುಗಳನ್ನು ತನ್ನ ವೇಗದಲ್ಲಿ ಏರುತ್ತದೆ; ಜ್ವರ ಬಂದು ವಾರವಿಡೀ ಶಾಲೆಗೆ ಬಾರದಿದ್ದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಇದು ದೊಡ್ಡ ಉಪಕಾರ.

ಅಕ್ಷರಗಳನ್ನು ಅಕಾರಾದಿಯಾಗಿ ಕಲಿಸದೆ ರ, ಗ, ಸ, ದ, ಅ ಎಂದು ತೊಡಗಿಸಿದುದಕ್ಕೆ ಪಂಡಿತರಲ್ಲಿ ಅನೇಕರು ಅಸಮಾಧಾನಪಟ್ಟಿದ್ದಾರೆ. ನಾನು ಅವರೊಡನೆ ಸೇರಲಾರೆ. ವರ್ಣಮಾಲೆಯ ಕ್ರಮವು ಸ್ಥಾನಪ್ರಯತ್ನಗಳನ್ನು ಅನುಸರಿಸಿದುದು; ಕಂಠದಿಂದ ಓಷ್ಠದವರೆಗೆ ನಡೆಯುವ ಆ ಪಂಕ್ತಿಯು ಕಿವಿಗೂ ನಾಲಗೆಗೂ ಏರ್ಪಟ್ಟುದೇ ಹೊರತು, ಕಣ್ಣಿಗೂ ಕೈಗೂ ಅಲ್ಲ. ಈ ಐದು ಅಕ್ಷರಗಳು ಬಂದೊಡನೆ ಮಗುವು ಸರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಓದಬಲ್ಲುದು. ಅಕ್ಷರಕ್ಕೆ ಅರ್ಥವುಂಟೆಂಬ ಅರಿವು ಮೊದಲ ವಾರದಲ್ಲಿಯೇ ಹುಟ್ಟುತ್ತದೆ. ಆದರೆ ಬರೆಹಕ್ಕೆ ಈ ಕ್ರಮವನ್ನಿಟ್ಟುಕೊಂಡು, ಬಾಯಿಗೆ ವರ್ಣಮಾಲೆಯನ್ನು ಕೊಡದೆ ಬಿಟ್ಟರೆ ನಷ್ಟವಾಗುತ್ತದೆ. ಕ, ಖ, ಗ, ಘ ಎಂದು ನಿತ್ಯವೂ ನುಡಿದ ನಾಲಗೆಗೆ ಪ್ರಾಣಭೇದವು ತಾನಾಗಿ ತಿಳಿಯುತ್ತದೆ. ನುಡಿಯದ ನಾಲಗೆಗೆ ಅದು ಬರಿಯ ಒಂದು ಗೀಟಿನ ಭೇದವಾಗಿ ಉಳಿಯುತ್ತದೆ. ಎರಡಕ್ಕೂ ವಿರೋಧವಿಲ್ಲವಾದುದರಿಂದ ಎರಡನ್ನೂ ಇಟ್ಟುಕೊಳ್ಳತಕ್ಕದ್ದು.

ನನ್ನ ಆಕ್ಷೇಪಣೆಯಿರುವುದು ಐದು ಗಣಗಳ ಹಂಚಿಕೆಯ ವಿಷಯದಲ್ಲಿ. ಒಬ್ಬನೇ ಉಪಾಧ್ಯಾಯನಿರುವ ಕೊಠಡಿಯಲ್ಲಿ ಪೂರ್ಣವಾಗಿ ಗುರುವಿನ ಕಿವಿಗೆ ಬೀಳುವುದು ಮೊದಲನೆಯ ಗಣವೊಂದೇ. ಸಹಪಾಠಿಯು ಗೆಳೆಯನ ತಪ್ಪನ್ನು ತಿದ್ದಬಲ್ಲನು, ತಪ್ಪಿನ ಕಾರಣವನ್ನು ಕಾಣಲಾರನು. ‘ಮುಷ್ಟಿ’ಯನ್ನು ‘ಮುಷಿಟ’ ಎಂದವನಿಗೆ ಅವನು ‘ಮುಷ್ಟಿ’ ಎಂದು ಹೇಳಿಕೊಡುವನು; ಇವನು ಹಾಗೆಯೇ ಹೇಳಿ ಮುಂದಕ್ಕೆ ಹೋಗುವನು. ಸ್ವರಚಿಹ್ನೆಯು ಮೇಲಿದ್ದರೂ ಧ್ವನಿಯು ಒತ್ತಿನ ಅನಂತರವೇ ಬರುತ್ತದೆಂಬ ತತ್ತ್ವವನ್ನು ಇಬ್ಬರೂ ಅರಿಯರು. ನಾಳೆ ‘ದೃಷ್ಟಿ’ಯ ಮುಂದೆ ಮತ್ತೆ ಅದೇ ಎಡವು. ಏಣಿಯ ಮೆಟ್ಟಿಲು ಮುಗಿಯಿತೆಂದು ಗುರುತು ಬೀಳುತ್ತದೆ, ಓದು ಬಂದಿರುವುದಿಲ್ಲ. ಹಳೆಯ ಮಠದಲ್ಲಿ ಗುಂಪಿನ ಗದ್ದಲದಲ್ಲಿ ಅಡಗುತ್ತಿದ್ದ ಮಗುವು ಹೊಸ ಶಾಲೆಯಲ್ಲಿ ಚಿಕ್ಕ ಗಣದ ನಿಶ್ಶಬ್ದದಲ್ಲಿ ಅಡಗುತ್ತದೆ.

೬

ಈ ಪರಿಶೀಲನೆಯಿಂದ ಫಲಿಸಿದ ಸಿದ್ಧಾಂತವೇನೆಂದರೆ, ಗಣವು ಕಲಿಸುವುದಿಲ್ಲ. ಒಂಟಿಯಾಗಿ ಓದುವ ಮಗುವನ್ನು ಬಲ್ಲವನೊಬ್ಬನು ಕೇಳುವುದರಿಂದ ಓದು ಬರುತ್ತದೆ. ಹಾಗೆ ಕೇಳಲು ಅವಕಾಶವನ್ನು ಕಲ್ಪಿಸುವಷ್ಟರಮಟ್ಟಿಗೆ ಗಣವು ಸಾಧನ. ಪ್ರಾತಿಶಾಖ್ಯದ ಗುರುವಿಗೂ ಕ್ಲೇ ಅವರ ಉಪಾಧ್ಯಾಯನಿಗೂ ಸಮಾನವಾದ ಗುಣವು ಇದೊಂದೇ. ಬೆಲ್ಲನ ಪದ್ಧತಿಯು ಕೆಟ್ಟುದು ಕೇಳುವವನು ಬಲ್ಲವನಲ್ಲದುದರಿಂದ. ಪಾಶ್ಚಾತ್ಯ ಗಣವಾಚನವು ಕೆಟ್ಟುದು ಬಲ್ಲವನು ಕೇಳಿಯೂ ಅಕ್ಷರವನ್ನು ಬಿಟ್ಟು ಊಹೆಯನ್ನು ಬೋಧಿಸಿದುದರಿಂದ.

ಮೂವತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಕೇಳಲು ಹೊತ್ತೆಲ್ಲಿದೆ ಎಂದು ಪ್ರಶ್ನೆ ಬರುವುದು ಸಹಜ. ಒಬ್ಬೊಬ್ಬನಿಗೆ ಎರಡು ನಿಮಿಷವೆಂದರೂ ಒಂದು ಗಂಟೆಯಾಗುತ್ತದೆ. ಪ್ರತಿದಿನವೂ ಇದು ಸಾಧ್ಯವಾಗದಿದ್ದರೆ, ದಿನಕ್ಕೆ ಹದಿನೈದು ಮಂದಿಯಂತೆ ಅರ್ಧ ಗಂಟೆಯಲ್ಲಿ ಎರಡು ದಿನಕ್ಕೊಮ್ಮೆ ಎಲ್ಲರನ್ನೂ ಕೇಳಬಹುದು. ಒಂದು ಗಂಟೆಯ ಕಾಲ ಎಲ್ಲರೂ ಒಟ್ಟಾಗಿ ಕೂಗುವುದಕ್ಕಿಂತ ಈ ಎರಡು ನಿಮಿಷಗಳು ಮಗುವಿಗೆ ಹೆಚ್ಚು ಹಿತಕರ. ಉಳಿದ ಹೊತ್ತಿನಲ್ಲಿ ಸಹಪಾಠಿಗಳ ಗಣಗಳು ಬಂದ ಅಕ್ಷರವನ್ನು ಬಲಪಡಿಸಲಿ. ಬಾರದ ಅಕ್ಷರವನ್ನು ಕಲಿಸುವ ಭಾರವನ್ನು ಅವುಗಳ ಮೇಲೆ ಹೊರಿಸಬಾರದು. ಗಣಗಳನ್ನು ವಯಸ್ಸಿನಿಂದಾಗಲಿ, ಓದಿ ಮುಗಿಸಿದ ಪುಸ್ತಕದಿಂದಾಗಲಿ ಕಟ್ಟದೆ, ತಪ್ಪಿನ ಜಾತಿಯಿಂದ ಕಟ್ಟಬೇಕು: ಒತ್ತಿನಲ್ಲಿ ಎಡವುವವರು ಒಂದೆಡೆ, ದೀರ್ಘಹ್ರಸ್ವಗಳಲ್ಲಿ ಎಡವುವವರು ಇನ್ನೊಂದೆಡೆ. ತೊಡಕು ಬಿಟ್ಟೊಡನೆ ಗಣವನ್ನು ಒಡೆಯಬೇಕು. ಚಿತ್ರವು ಓದಾದ ಮೇಲೆ ಅರ್ಥಕ್ಕೆ ಸಾಕ್ಷಿಯಾಗಲಿ, ಓದಿಗೆ ಮುಂಚೆ ಊಹೆಗೆ ಆಸರೆಯಾಗುವುದು ಬೇಡ. ಓದಿದುದರ ಅರ್ಥವನ್ನು ಮಗುವಿನ ಮಾತಿನಲ್ಲಿಯೇ ಹೇಳಿಸಬೇಕು. ಅದಿಲ್ಲದಿದ್ದರೆ ಕ್ಯಾಂಬೆಲ್ಲನು ಕಂಡ ದೋಷವು ಉಳಿದೇ ಉಳಿಯುತ್ತದೆ.

ಶಾಸ್ತ್ರಾಭ್ಯಾಸದಲ್ಲಿ ಕಾಲ ಕಳೆದವನು ಪ್ರಥಮಪಾಠದ ವಿಷಯದಲ್ಲಿ ಮಾತನಾಡುವುದೇಕೆ ಎಂದು ಕೆಲವರಿಗೆ ತೋರಬಹುದು. ಶಾಸ್ತ್ರಗಳನ್ನು ಓದುವವರ ಸಂಖ್ಯೆ ಕುಂದುತ್ತಿರುವುದನ್ನು ಕುರಿತು ಈ ಪತ್ರಿಕೆಯ ಪುಟಗಳಲ್ಲಿ ಪದೇ ಪದೇ ವಿಷಾದಿಸುವ ನಾವು, ಆ ಕುಂದಿಗೆ ಮೂಲವು ಮೊದಲನೆಯ ತರಗತಿಯ ಕೊಠಡಿಯಲ್ಲಿಯೂ ಇರಬಹುದೆಂದು ಹುಡುಕಿ ನೋಡುವುದು ಅನುಚಿತವಲ್ಲ. ಒತ್ತಕ್ಷರದ ತಪ್ಪುಗಳನ್ನು ವಿಂಗಡಿಸುವ ಒಂದು ಪಟ್ಟಿಯನ್ನು ಸಿದ್ಧಪಡಿಸಲು ವೈಯಾಕರಣರೂ ಪ್ರಾಥಮಿಕಶಾಲೆಯ ಉಪಾಧ್ಯಾಯರೂ ಒಟ್ಟಿಗೆ ಕುಳಿತರೆ, ಅದು ಇಬ್ಬರಿಗೂ ತಕ್ಕ ಕೆಲಸವೇ ಆಗುತ್ತದೆ. ಈ ಸೂಚನೆಯ ಯುಕ್ತಾಯುಕ್ತತೆಯನ್ನು ವಿದ್ವಾಂಸರು ವಿಚಾರಿಸಬೇಕೆಂದು ಪ್ರಾರ್ಥಿಸುತ್ತೇನೆ.